ಗಡಿಯಂಚಿನ ಗೋಡೆಗೆ ಕಿಟಕಿ ಬೇಡ

ಪಕ್ಕದ ಹಿತ್ತಿಲಿನ ಬಣವೆಗೆ ಬೆಂಕಿ ಬಿದ್ದರೆ ನಿಮ್ಮ ಉಗ್ರಾಣ ಉಳಿಯುವುದೇ? ಗಡಿಯಂಚಿನ ನಿಮ್ಮ ಗೋಡೆಯನ್ನೊಮ್ಮೆ ನೋಡಿರಿ. ಇಟ್ಟಿಗೆ ಗೋಡೆ ಬೆಂಕಿಯನ್ನು ಬಹಳ ಹೊತ್ತು ತಡೆಯುತ್ತದೆ. ಅದರಲ್ಲಿಟ್ಟ ಕಿಟಕಿ ತಡೆಯದು. ಸಾಮಾನ್ಯ ಗಾಜಿನ ನಡುಭಾಗ ಬೇಗ ಕಾಯುತ್ತದೆ. ಚೌಕಟ್ಟಿನೊಳಗಿನ ಅಂಚು ಅಷ್ಟು ಬೇಗ ಕಾಯುವುದಿಲ್ಲ. ಈ ವ್ಯತ್ಯಾಸದಿಂದ ಗಾಜು ಬಿರಿದು ಉದುರಿ, ಕಿಡಿಗಳು ಒಳನುಗ್ಗುತ್ತವೆ. ತಂತಿಬಲೆ ಇರುವ ಗಾಜು ಬಿರಿದರೂ ಕಬ್ಬಿಣದ ಚೌಕಟ್ಟಿನಲ್ಲಿ ಕೆಲಕಾಲ ನಿಲ್ಲುತ್ತದೆ. ಆದರೆ ಅದರ ಮೂಲಕವೂ ಝಳ ಒಳಬಂದು ಹತ್ತಿರದ ಗೋಣಿಚೀಲ ಹೊತ್ತಿಕೊಳ್ಳಬಹುದು.

ಆದುದರಿಂದ ಹೊಸದಾಗಿ ಕಟ್ಟುವಾಗ ಆ ಬದಿಗೆ ಕಿಟಕಿ ಇಡದೆ, ಗಾಳಿ ಬೆಳಕನ್ನು ನಿಮ್ಮ ಅಂಗಳದ ಕಡೆಯಿಂದ ಪಡೆಯಿರಿ. ಈಗಾಗಲೇ ಕಿಟಕಿ ಇದ್ದರೆ ಇಟ್ಟಿಗೆಯಿಂದ ಮುಚ್ಚಿರಿ. ಅದು ಸಾಧ್ಯವಾಗದಿದ್ದರೆ ತಂತಿಬಲೆಯ ಗಾಜನ್ನು ತೆರೆಯಲಾಗದಂತೆ ಕೂರಿಸಿ, ಚೀಲಗಳನ್ನು ಕಿಟಕಿಯಿಂದ ದೂರವಿಡಿರಿ. ನೆರೆಯ ಬಣವೆ ನಿಮ್ಮ ಕೈಯಲ್ಲಿಲ್ಲ. ನಿಮ್ಮ ಗೋಡೆ ನಿಮ್ಮ ಕೈಯಲ್ಲಿದೆ.