ಬಾವಿ ನೀರಿನ ತಪಾಸಣೆ: ಬಾಟಲಿ ತುಂಬುವ ಮುಂಚೆ

ನನ್ನದು ಔರಾದ ತಾಲೂಕಿನಲ್ಲಿ ಒಣ ಬೇಸಾಯ. ತೊಗರಿ, ಜೋಳ, ಉದ್ದು ಬೆಳೀತೀನಿ. ಓದಿದ್ದು ಏಳನೆಯ ಇಯತ್ತೆ. ನೀರಿನ ತಪಾಸಣೆ ಕಲಿತದ್ದು ಮಗಳ ಮನೆಯ ಬೋರಿನಿಂದ, ಅದೂ ಒಮ್ಮೆ ತಪ್ಪು ಮಾಡಿದ ಮೇಲೆ.

ಮಗಳನ್ನು ಕೊಟ್ಟದ್ದು ಬೀದರ ಶಹರದ ಹತ್ತಿರದ ಹಳ್ಳಿಗೆ. ಎರಡು ವರ್ಷದ ಹಿಂದೆ ಅವರ ಬೋರಿನ ನೀರು ಉಪ್ಪುಪ್ಪಾಯಿತು. ಮನೆಯಲ್ಲಿ ಎಳೆಗೂಸು. ಊರ ಮೇಲ್ಮಗ್ಗಲಿಗೆ ಒಂದು ಕಾರ್ಖಾನೆ ಇದೆ. ಎಲ್ಲರೂ ಅದರ ಕಡೆಗೇ ಬೆರಳು ಮಾಡಿದರು, ನಾನೂ ಮಾಡಿದೆ.

ಮೋಟಾರು ರಿಪೇರಿಗೆ ಹೋಗಿ ಬೋರು ಹದಿನೈದು ದಿನ ನಿಂತಿತ್ತು. ಹಗ್ಗಕ್ಕೆ ಡಬ್ಬಿ ಕಟ್ಟಿ ನೀರೆತ್ತಿ, ಹಳೇ ಸೋಡಾ ಬಾಟಲಿಗೆ ತುಂಬಿ ಪ್ರಯೋಗಾಲಯಕ್ಕೆ ಒಯ್ದೆ. ಕಬ್ಬಿಣದ ಅಂಶ ಹೆಚ್ಚು ಅಂತ ಬಂತು. ಅಲ್ಲಿಯ ಹುಡುಗ, "ಕಾಕಾ, ನೀವು ಭೂಮಿ ನೀರು ತಂದಿಲ್ಲ, ಪೈಪಿನ ತುಕ್ಕು ತಂದೀರಿ" ಅಂದ. ಹೇಗೆ ತರಬೇಕೆಂದು ಅವನೇ ಹೇಳಿಕೊಟ್ಟ.

ಮೊದಲು ಮಟ್ಟ

ಒಂದೇ ಬಾವಿಯ ನೀರಿನಿಂದ ಏನೂ ತಿಳಿಯದು. ಕಡಿಮೆ ಎಂದರೆ ಮೂರು ಬೇಕು: ಮೇಲೊಂದು, ಕೆಳಗೆರಡು. ಹೊಲದ ಇಳಿಜಾರು ನೋಡಿದರೆ ಸಾಲದು, ನೀರಿನ ಇಳಿಜಾರು ನೋಡಬೇಕು. ಒಂದು ಕಲ್ಲಿಗೆ 100 ಅಡಿ ಎಂದು ಗುರುತಿಟ್ಟು, ಗೌಂಡಿಯ ಲೆವೆಲ್ ಪೈಪಿನಿಂದ ಮೂರೂ ಬಾವಿಯ ಬಾಯಿಯ ಎತ್ತರ ಹಿಡಿದೆವು. ಅದರಿಂದ ನೀರಿನ ಆಳ ಕಳೆದಾಗ ಮೇಲಿನ ಬಾವಿ 74, ನಮ್ಮ ಬೋರು 68, ಕೆಳಗಿನದು 64. ನೀರು ಕಾರ್ಖಾನೆ ಕಡೆಯಿಂದಲೇ ಬರುತ್ತದೆ ಎಂದಾಯಿತು.

ಬೀದರ ಎತ್ತರದ ಮೇಲೆ ಕೆಂಪು ಜಂಬಿಟ್ಟಿಗೆ ಕಲ್ಲು, ಅದರ ಕೆಳಗೆ ಕರಿಕಲ್ಲು. ಜಂಬಿಟ್ಟಿಗೆಯಲ್ಲಿ ನೀರು ಬೇಗ ಇಳಿಯುತ್ತದೆ. ಬಹಮನಿ ಕಾಲದ ನೌಬಾದಿನ ಕರೇಜ್ ಸುರಂಗಕ್ಕೂ ಇದೇ ಬಸಿನೀರು. ಹೊಲಸೂ ಅಷ್ಟೇ ಬೇಗ ಇಳಿಯುತ್ತದೆ. ನಮ್ಮ ಔರಾದ, ಭಾಲ್ಕಿ ಕಡೆಯ ಎರೆ ಭೂಮಿಯ ಕೆಳಗೆ ನೀರು ಕರಿಕಲ್ಲಿನ ಬಿರುಕು ಹಿಡಿದು ಹೋಗುತ್ತದೆ. ಅಲ್ಲಿ ಮೂರೇ ಬಾವಿ ನಂಬಬಾರದು.

ನಮೂನೆ ತೆಗೆಯುವುದು

1. ನಿಂತ ನೀರು ಹೊರಹಾಕಿ. 6 ಇಂಚಿನ ಬೋರಿನಲ್ಲಿ ಅಡಿಗೆ ಸುಮಾರು 5.5 ಲೀಟರು. 100 ಅಡಿ ನೀರಿದ್ದರೆ 550. ಅದರ ಮೂರು ಪಟ್ಟು, 1,650 ಲೀಟರು ಹೋದ ಮೇಲೆ ಹಿಡಿಯಿರಿ. ತೆರೆದ ಬಾವಿಯಾದರೆ ಮೋಟಾರು ಚೆನ್ನಾಗಿ ಓಡಿದ ಮೇಲೆ ಹಿಡಿಯಿರಿ.
2. ಬಾಟಲಿ ಪ್ರಯೋಗಾಲಯದ್ದೇ ಇರಲಿ. ಲವಣಕ್ಕೆ ಬೇರೆ, ರೋಗಾಣುವಿಗೆ ಬೇರೆ, ರಾಸಾಯನಿಕಕ್ಕೆ ಬೇರೆ.
3. ಊರು, ಬಾವಿ, ತಾರೀಖು, ಹೊತ್ತು, ನೀರಿನ ಆಳ ಬರೆದು ಅಂಟಿಸಿ. ಬರ್ಫದ ಡಬ್ಬಿಯಲ್ಲಿಟ್ಟು ಅದೇ ದಿನ ಮುಟ್ಟಿಸಿ.
4. ಯಾವುದರ ಸಂಶಯ ಎಂದು ಬಾಯಿಬಿಟ್ಟು ಹೇಳಿ. ಸಾದಾ ತಪಾಸಣೆಯಲ್ಲಿ ಕಾರ್ಖಾನೆಯ ರಾಸಾಯನಿಕ ನೋಡುವುದಿಲ್ಲ.

ಹೊಸದಾಗಿ ತೋಡಿಸುವವರು ನೀರಿನ ಪದರಿನಲ್ಲಿ ಮಾತ್ರ ತೂತಿನ ಪೈಪು ಇಳಿಸಿ, ಸುತ್ತ ಗರಸು ತುಂಬಿ, ಮೇಲೆ ಜೇಡಿಮಣ್ಣು, ಬಾಯಿಗೆ ಸಿಮೆಂಟು ಕಟ್ಟೆ, ಮುಚ್ಚಳ ಹಾಕಿಸಬೇಕು. ಇಲ್ಲದಿದ್ದರೆ ಮೇಲಿನ ಮಳೆನೀರೇ ಪೈಪಿನ ಮಗ್ಗಲಿಗೆ ಇಳಿದು ಲೆಕ್ಕ ಕೆಡಿಸುತ್ತದೆ.

ಬಂದ ಫಲ

ಮೇಲಿನ ಬಾವಿಯಲ್ಲಿ ಲವಣ, ನೈಟ್ರೇಟ್ ಎರಡೂ ಕಡಿಮೆ. ನಮ್ಮ ಬೋರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಮಿನ ಮಿತಿ ದಾಟಿತ್ತು. ಕೆಳಗಿನದರಲ್ಲಿ ನಡುವೆ. ಹಾಗಾದರೆ ಕೇಡು ಹುಟ್ಟಿದ್ದು ನಮ್ಮ ಹತ್ತಿರವೇ. ಬೋರಿನಿಂದ ಹನ್ನೆರಡು ಅಡಿ ಮೇಲೆ ಬೀಗರ ತಿಪ್ಪೆಗುಂಡಿ ಇತ್ತು! ನೈಟ್ರೇಟ್ ಎಳೆಗೂಸಿಗೆ ಅಪಾಯ, ಕಾಯಿಸಿದರೆ ಹೋಗುವುದಿಲ್ಲ. ಅಂದಿನಿಂದ ಕೂಸಿಗೆ ಬೇರೆ ನೀರು. ತಿಪ್ಪೆ ದೂರ ಕೆಳಮಗ್ಗಲಿಗೆ ಹೋಯಿತು, ಬೋರಿನ ಬಾಯಿಗೆ ಸಿಮೆಂಟು ಬಂತು. ಈ ಬೇಸಿಗೆಗೆ ನೈಟ್ರೇಟ್ ಇಳಿದಿದೆ, ಇನ್ನೂ 45ರ ಮೇಲೆಯೇ ಇದೆ.

ಇದರಿಂದ ಕಾರ್ಖಾನೆ ಶುದ್ಧ ಎಂದಾಗಲಿಲ್ಲ. ರಾಸಾಯನಿಕದ ತಪಾಸಣೆ ನಾವಿನ್ನೂ ಮಾಡಿಸಿಲ್ಲ. ಕಾರ್ಖಾನೆಯ ಕೊಳಚೆ ನೀರು ಕೋರ್ಟಿನಲ್ಲಿ ಸಾಕ್ಷಿಯಾಗಬೇಕಾದರೆ 1974ರ ಜಲ ಕಾಯ್ದೆಯಂತೆ ಮಾಲಿನ್ಯ ನಿಯಂತ್ರಣ ಮಂಡಳಿಯವರೇ ನಮೂನೆ ತೆಗೆಯಬೇಕು. ನಮ್ಮ ವಹಿ ಅವರನ್ನು ಕರೆಸಲು ಆಧಾರ. ಮಳೆಗಾಲದ ಮುಂಚೆ ಒಮ್ಮೆ, ಆಮೇಲೊಮ್ಮೆ ಅಳೆದು ಬರೆದಿಡಿ. ದೂರು ಕೊಡುವ ದಿನ ಅದೇ ಕೈಗೆ ಬರುತ್ತದೆ.