ಎರಡು ಎಣಿಕೆಗಳ ನಡುವೆ ಮರೆಯಾಗುವವರು: ಮುಕ್ತ ತಂತ್ರಾಂಶದ ಒಂದು ಪಾಠ



ಗ್ರಾಮಸಭೆಯ ಹಾಜರಾತಿಯಲ್ಲಿ ಮಹಿಳೆಯರನ್ನೂ ಪರಿಶಿಷ್ಟ ಜಾತಿಯವರನ್ನೂ ಪ್ರತ್ಯೇಕವಾಗಿ ಎಣಿಸುವುದು ರೂಢಿ. 200 ಮಂದಿ ಸೇರಿದ ಸಭೆಯಲ್ಲಿ ಮಹಿಳೆಯರು 100, ಪರಿಶಿಷ್ಟ ಜಾತಿಯವರು 60 ಎಂದಿಟ್ಟುಕೊಳ್ಳೋಣ. ಎರಡೂ ಅಂಕಿಗಳು ತೃಪ್ತಿಕರವೇ. ಆದರೆ ಆ 60 ಮಂದಿಯಲ್ಲಿ 54 ಪುರುಷರಿದ್ದರೆ, ಪರಿಶಿಷ್ಟ ಜಾತಿಯ ಮಹಿಳೆಯರು ಬಂದದ್ದು ಕೇವಲ 6. ಈ ಕೊರತೆ ವರದಿಯ ಯಾವ ಕಾಲಂನಲ್ಲಿಯೂ ಕಾಣದು.

ಅಮೆರಿಕದಲ್ಲಿ ಇಂಥದ್ದೇ ತೊಡಕು ನ್ಯಾಯಾಲಯದವರೆಗೆ ಹೋಗಿತ್ತು. ಜನರಲ್ ಮೋಟರ್ಸ್ ಕಂಪನಿಯಿಂದ ಕೆಲಸ ಕಳೆದುಕೊಂಡ ಕಪ್ಪು ಮಹಿಳೆಯರು ತಾರತಮ್ಯದ ದೂರು ನೀಡಿದರು. ಕಂಪನಿಯಲ್ಲಿ ಮಹಿಳೆಯರಿದ್ದರು, ಆದರೆ ಅವರು ಬಿಳಿಯರು. ಕಪ್ಪು ಜನರಿದ್ದರು, ಆದರೆ ಅವರು ಪುರುಷರು. ಎರಡನ್ನೂ ಕೂಡಿಸಿ ನೋಡಲು 1976ರಲ್ಲಿ ನ್ಯಾಯಾಲಯವು ಒಪ್ಪಲಿಲ್ಲ. ಕಾನೂನು ಪ್ರಾಧ್ಯಾಪಕಿ ಕಿಂಬರ್ಲೆ ಕ್ರೆನ್‌ಶಾ ಅವರು 1989ರಲ್ಲಿ ಈ ಪ್ರಕರಣವನ್ನು ವಿಶ್ಲೇಷಿಸಿ, ಇದಕ್ಕೆ ‘ಇಂಟರ್‌ಸೆಕ್ಷನಾಲಿಟಿ’ ಎಂಬ ಹೆಸರಿತ್ತರು. ಅಸ್ಮಿತೆಗಳು ಸಂಧಿಸುವ ಸ್ಥಳ ಎಂದು ಅರ್ಥೈಸಬಹುದು. ನಮ್ಮ ಸಂವಿಧಾನದ 243ಡಿ ವಿಧಿಯು ಪರಿಶಿಷ್ಟರ ಮೀಸಲು ಸ್ಥಾನಗಳೊಳಗೇ ಆ ವರ್ಗಗಳ ಮಹಿಳೆಯರಿಗೆ ಪಾಲು ಇರಿಸಿರುವುದು ಇದೇ ತರ್ಕದಿಂದ.

ಈ ಲೆಕ್ಕಕ್ಕೆ ಹಣ ತೆರಬೇಕಿಲ್ಲ. ಲಿಬ್ರೆಆಫೀಸ್ ಕ್ಯಾಲ್ಕ್ ಎಂಬ ಮುಕ್ತ ತಂತ್ರಾಂಶವು ಉಚಿತವಾಗಿ ದೊರೆಯುತ್ತದೆ. ಹಾಜರಾತಿಯನ್ನು ಒಬ್ಬರಿಗೆ ಒಂದು ಸಾಲಿನಂತೆ ನಮೂದಿಸಬೇಕು: ಕ್ರಮಸಂಖ್ಯೆ, ಲಿಂಗ, ವರ್ಗ, ವಾರ್ಡ್, ಅಂಗವೈಕಲ್ಯ. ಬಳಿಕ ಇನ್ಸರ್ಟ್ ಮೆನುವಿನ ಪಿವೋಟ್ ಟೇಬಲ್ ತೆರೆದು, ಲಿಂಗವನ್ನು ಅಡ್ಡಸಾಲಿಗೂ ವರ್ಗವನ್ನು ಕಂಬಸಾಲಿಗೂ ಕ್ರಮಸಂಖ್ಯೆಯನ್ನು ಡೇಟಾ ಭಾಗಕ್ಕೂ ಎಳೆದು ಬಿಡಬೇಕು. ತಂತ್ರಾಂಶವು ತಾನಾಗಿ ಕ್ರಮಸಂಖ್ಯೆಗಳನ್ನು ಕೂಡಿಬಿಡುತ್ತದೆ. ಅದರ ಮೇಲೆ ಎರಡು ಬಾರಿ ಒತ್ತಿ ‘ಕೌಂಟ್’ ಆರಿಸಿದರೆ ಮಾತ್ರ ತಲೆ ಎಣಿಕೆ ಸಿಗುತ್ತದೆ. ಮೊಬೈಲಿನಲ್ಲಿ ಮನೆಮನೆ ಮಾಹಿತಿ ಸಂಗ್ರಹಿಸಲು ಕೋಬೋಟೂಲ್‌ಬಾಕ್ಸ್, ಆಳವಾದ ಸಂಖ್ಯಾಶಾಸ್ತ್ರೀಯ ವಿಶ್ಲೇಷಣೆಗೆ ‘ಆರ್’ ಕೂಡ ಮುಕ್ತ ತಂತ್ರಾಂಶಗಳೇ. ಆದರೆ ಪಂಚಾಯಿತಿ ಮಟ್ಟಕ್ಕೆ ಕ್ಯಾಲ್ಕ್ ಸಾಕೆಂಬುದು ನನ್ನ ಅಭಿಪ್ರಾಯ.

ಅಂಗವೈಕಲ್ಯದ ಕಾಲಂ ಖಾಲಿ ಇದ್ದರೆ ಅಂಥವರು ಇಲ್ಲವೆಂದಲ್ಲ, ಕೇಳಿಲ್ಲವೆಂದೂ ಆಗಬಹುದು. ಖಾಲಿ ಬಿಡುವ ಬದಲು ‘ಇಲ್ಲ’ ಅಥವಾ ‘ಕೇಳಿಲ್ಲ’ ಎಂದೇ ಬರೆಸಿರಿ. ಇನ್ನು, ಮೂರು ನಾಲ್ಕು ಗುಣಗಳನ್ನು ಒಟ್ಟಿಗೆ ಹೆಣೆದಾಗ ಕೆಲವು ಮನೆಗಳಲ್ಲಿ 1 ಅಥವಾ 2 ಎಂಬ ಅಂಕಿ ಉಳಿಯುತ್ತದೆ. ಊರಿನಲ್ಲಿ ಅದು ಯಾರೆಂದು ಎಲ್ಲರಿಗೂ ತಿಳಿದುಬಿಡುತ್ತದೆ. ಅಂಥ ಕೋಷ್ಟಕವನ್ನು ಸೂಚನಾ ಫಲಕಕ್ಕೆ ಅಂಟಿಸತಕ್ಕದ್ದಲ್ಲ.