ಡ್ರ್ಯಾಗನ್ ಕಟಿಂಗ್: ಮೊದಲು ಗಾಯ ಒಣಗಲಿ

ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನ ಮುರುಮಿನ ಹೊಲಗಳಲ್ಲಿ ದಾಳಿಂಬೆ, ದ್ರಾಕ್ಷಿಯ ಜೊತೆಗೆ ಸಿಮೆಂಟು ಕಂಬ ಹತ್ತುವ ಡ್ರ್ಯಾಗನ್ ಫ್ರೂಟೂ ಸೇರಿಕೊಂಡಿದೆ. ಮೂರು ಏಣಿನ ಈ ಬಳ್ಳಿ ಪಾಪಾಸುಕಳ್ಳಿಯ ಕುಲದ್ದು. ಇದೇ ಜಿಲ್ಲೆಯ ತಡಸರದ ಹಣ್ಣು 2021ರಲ್ಲಿ ದುಬೈಗೆ ಹೋದದ್ದು ಹಲವರಿಗೆ ಹುರುಪು ಕೊಟ್ಟಿತು. ಬರ ತಾಳುವ ಗಿಡ, ಹೇಗೆ ಹಚ್ಚಿದರೂ ಬರುತ್ತದೆ ಎಂದುಕೊಂಡವರ ಕಟಿಂಗ್ (ನೆಡುವ ಕಾಂಡದ ತುಂಡು) ಮಾತ್ರ ತಿಂಗಳೊಳಗೆ ಬುಡದಿಂದ ಕೊಳೆಯುತ್ತದೆ. ಕೊಳೆಸುವುದು ಹೆಚ್ಚಾಗಿ ಅಕ್ಕರೆಯಿಂದ ಹಾಕಿದ ನೀರೇ.

ಹಣ್ಣು ಬಿಟ್ಟ ಗಿಡದ, ಬಲಿತ ಕಡುಹಸಿರು ಕಾಂಡವನ್ನೇ ಆರಿಸಬೇಕು. ಕಂದು ಚುಕ್ಕೆ ಇದ್ದರೆ ಬೇಡ. ಸ್ಪಿರಿಟ್‌ನಿಂದ ಒರೆಸಿದ ಚಾಕುವಿನಲ್ಲಿ 20ರಿಂದ 25 ಸೆಂ.ಮೀ. ಉದ್ದ ಕತ್ತರಿಸಿ, ಬುಡದ ಕಡೆಯನ್ನು ಓರೆಯಾಗಿ ಕೊಯ್ಯಿರಿ. ಆಗ ತಲೆಕೆಳಗಾಗಿ ನೆಡುವ ಗೊಂದಲವಿಲ್ಲ. ಲೀಟರಿಗೆ 3 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ ಬೆರೆಸಿದ ನೀರಿನಲ್ಲಿ ಬುಡ ಅದ್ದಿ ತೆಗೆಯಿರಿ.

ಅವಸರ ಮಾಡಿ ಕೆಡಿಸುವುದು ಇಲ್ಲೇ. ಕೊಯ್ದ ಜಾಗದಲ್ಲಿ ಲೋಳೆ ಒಸರುತ್ತಿರುತ್ತದೆ. ಅದನ್ನು ಹಾಗೇ ಹಸಿಮಣ್ಣಿಗೆ ಇಟ್ಟರೆ ಶಿಲೀಂಧ್ರ, ಬ್ಯಾಕ್ಟೀರಿಯಾ ನೇರ ತಿರುಳಿಗೆ ಇಳಿಯುತ್ತವೆ. ಗಾಳಿಯಾಡುವ ನೆರಳಿನಲ್ಲಿ, ಒಣ ಗೋಣಿಯ ಮೇಲೆ 5ರಿಂದ 7 ದಿನ ಬಿಡಿಬಿಡಿಯಾಗಿ ಹರವಿಡಿ. ಮೋಡ ಕವಿದ ದಿನಗಳಲ್ಲಿ ಇನ್ನೂ ಹೆಚ್ಚು ಬೇಕು. ದಿನದ ಲೆಕ್ಕಕ್ಕಿಂತ ಬೆರಳೇ ನಂಬಿಗಸ್ತ: ಗಾಯ ಮುಟ್ಟಿದಾಗ ಅಂಟದೆ, ಚರ್ಮ ಕಟ್ಟಿದಂತೆ ಗಟ್ಟಿಯಾಗಿರಬೇಕು. ಬಿಸಿಲಿಗೆ ಇಡುವುದು, ಪ್ಲಾಸ್ಟಿಕ್ಕಿನಲ್ಲಿ ಸುತ್ತುವುದು ಎರಡೂ ತಪ್ಪು. ಬೇರೆ ಊರಿಂದ ಹಸಿ ಗೋಣಿಯಲ್ಲಿ ಕಟ್ಟಿ ತಂದ ಕಟಿಂಗ್‌ಗಳನ್ನೂ ಬಂದ ದಿನವೇ ಬಿಚ್ಚಿ ಹರವಬೇಕು. ಕೆಲವು ದಿನ ಕಾದರೆ ಗಿಡಕ್ಕೆ ಏನೂ ಆಗದು. ಅದರ ಕಾಂಡದಲ್ಲೇ ನೀರಿನ ಸಂಗ್ರಹವಿದೆ.

ಬಳಿಕ ಮಣ್ಣು, ಮರಳು, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಸಮನಾಗಿ ಬೆರೆಸಿ, ತೂತಿರುವ ಚೀಲಕ್ಕೆ ತುಂಬಿ. ಬುಡ 4–5 ಸೆಂ.ಮೀ. ಹೂತರೆ ಸಾಕು. ಅಲುಗದಂತೆ ಕೋಲಿಗೆ ಕಟ್ಟಿ. ಮೊದಲ ವಾರ ನೀರು ಬೇಡವೇ ಬೇಡ. ಆಮೇಲೂ ಎರಡು ಬೆರಳಿನ ಆಳ ಮಣ್ಣು ಒಣಗಿದಾಗ ಮಾತ್ರ ಸ್ವಲ್ಪ ಹಾಕಿ. ಬೇರು ಬಂತೇ ಎಂದು ಕಿತ್ತು ನೋಡುವವರಿದ್ದಾರೆ. ಹಾಗೆ ಮಾಡಿದರೆ ಎಳೆಬೇರು ಹರಿಯುತ್ತದೆ. 3–4 ವಾರದ ಮೇಲೆ ಮೆಲ್ಲಗೆ ಎಳೆದಾಗ ಹಿಡಿತ ಸಿಕ್ಕರೆ ಬೇರೂರಿದೆ ಎಂದರ್ಥ.

ಜತ್ತದ ಏಪ್ರಿಲ್–ಮೇ ಬಿಸಿಲಿಗೆ ಎಳೆ ಕಟಿಂಗ್ ಹಳದಿಯಾಗುತ್ತದೆ, ಶೇ. 50ರ ನೆರಳುಬಲೆ ಕಟ್ಟಿ. ಹಳದಿಯಾದದ್ದನ್ನು ಕಂಡು ನೀರು ಹೆಚ್ಚಿಸಿದರೆ ಕೊಳೆ ಶುರುವಾಗುತ್ತದೆ. ಬುಡ ಮೆತ್ತಗಾಗಿ ಕಂದಾಗಿದ್ದರೆ ತಿರುಳು ಸ್ವಚ್ಛವಾಗಿ ಕಾಣುವವರೆಗೂ ಮೇಲಕ್ಕೆ ಕೊಯ್ದು, ಪ್ರತಿ ಸಲವೂ ಚಾಕು ಒರೆಸಿ, ಮತ್ತೆ ಒಣಗಿಸಿ.

ಬೇರೂರಿದ ಗಿಡಗಳನ್ನು ಹೊಲಕ್ಕೆ ಜೂನ್–ಜುಲೈನಲ್ಲಿ, ನೀರು ನಿಲ್ಲದಂತೆ ಏರಿಸಿದ ಮಡಿಯಲ್ಲಿ, ಕಂಬಕ್ಕೆ ನಾಲ್ಕರಂತೆ ಹಚ್ಚಿ. ಬಳ್ಳಿ ಕಂಬದ ತುದಿ ಮುಟ್ಟುವವರೆಗೆ ಪಕ್ಕದ ಚಿಗುರು ಚಿವುಟುತ್ತಿರಿ.